ಎತ್ತಿನ ಗಾಡಿಯಲ್ಲಿ ಎರಡು ಪರರಾಜ್ಯ, ಇಪ್ಪತ್ತೊಂದು ಸಾವಕಾರರು

ನಂಬಬೇಡಿ, ನನಗೇನೂ ಬೇಸರವಿಲ್ಲ. ನಾನು ಒಂದೇ ವಾರದಲ್ಲಿ ಎರಡು ಪರರಾಜ್ಯ ಸುತ್ತಿ ಬಂದವನು. ಹಡಗು ಹತ್ತಲಿಲ್ಲ, ವಿಮಾನ ಹತ್ತಲಿಲ್ಲ, ಪಾಸಪೋರ್ಟು ಎಂಬುದನ್ನು ಕಣ್ಣಿನಿಂದಲೂ ನೋಡಲಿಲ್ಲ. ಎತ್ತಿನ ಗಾಡಿಯಲ್ಲಿ ಹೋದೆ. ಮನೆಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ. ಚಟ್ನಿ ಮುಗಿಯುವ ಮೊದಲೇ ತಿರುಗಿ ಬಂದೆ.

ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಸಿಂಗಪುರ ನೋಡಿ ಬಂದಾಗಿನಿಂದ ಕಟ್ಟೆಯ ಮೇಲೆ ಉಳಿದವರಿಗೆ ಬಾಯಿ ತೆರೆಯಲು ಬಿಡುತ್ತಿಲ್ಲ. ಅಲ್ಲಿ ರಸ್ತೆಯ ಮೇಲೆ ಉಗುಳಿದರೆ ದಂಡವಂತೆ, ಕಸ ಹುಡುಕಿದರೂ ಸಿಗುವುದಿಲ್ಲವಂತೆ. ಸಿಗದ ಕಸವನ್ನು ನೋಡಲು ಅಷ್ಟು ದೂರ ಹೋಗಬೇಕೇ ಎಂದು ಕೇಳಿದೆ. ‘ನೀ ಎಲ್ಲಿಗೆ ಹೋಗೀಯಪಾ ಗುರಪ್ಪಾ?’ ಎಂದರು. ಅದಕ್ಕೇ ಈ ಬರಹ.

ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವೇ ತಿಂಗಳಾಗಿತ್ತು. ನಮ್ಮ ಗದಗ-ಬೆಟಗೇರಿ ಮುಂಬೈ ಸರಕಾರದ ಕೈಯಲ್ಲಿತ್ತು, ಮುಂಡರಗಿಯೂ ನಮ್ಮ ಕಡೆಗೇ. ಆದರೆ ಶಿರಹಟ್ಟಿ ಒಬ್ಬ ರಾಜರದು, ಲಕ್ಷ್ಮೇಶ್ವರ ಇನ್ನೊಬ್ಬ ರಾಜರದು. ಇಬ್ಬರೂ ಇರುತ್ತಿದ್ದದ್ದು ದೂರದ ಮರಾಠಿ ಸೀಮೆಯಲ್ಲಿ. ಅವರ ಪೊಲೀಸರು ಬೇರೆ, ಕಚೇರಿ ಬೇರೆ, ಗಡಿಯ ನಾಕಾ ಬೇರೆ. ಹತ್ತಿಪ್ಪತ್ತು ಮೈಲಿಗೆ ಪರದೇಶ. ಮಾಸ್ತರರ ಸಿಂಗಪುರಕ್ಕಿಂತ ನನ್ನ ಪರದೇಶ ಹತ್ತಿರವಿತ್ತು ಎನ್ನುವುದು ನನ್ನ ತಪ್ಪಲ್ಲ.

ಬೆಟಗೇರಿ

ನಾನಾಗ ಗದಗಿನ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ವಯಸ್ಸು ಇಪ್ಪತ್ತಾರು. ಮೀಸೆ ಹೊಸದು, ಬುದ್ಧಿ ಅದಕ್ಕಿಂತ ಹೊಸದು. ಊರಿಗೆಲ್ಲ ನನ್ನ ಹೆಸರು ಗೊತ್ತಾದದ್ದು ಒಂದು ಆನೆಯಿಂದ. ಉಳಿದ ಕಾಗದದ ಚೂರುಗಳ ಮೇಲೆ ‘ಭಾನುವಾರ ಮಧ್ಯಾಹ್ನದ ರೈಲಿಗೆ ಬಿಳಿ ಆನೆ ಬರುತ್ತದೆ, ದರ್ಶನ ಪುಕ್ಕಟೆ’ ಎಂದು ಅಚ್ಚು ಹಾಕಿ ಹಂಚಿಬಿಟ್ಟಿದ್ದೆ. ಅರ್ಧ ಗದಗ ಸ್ಟೇಷನ್ನಿಗೆ ಬಂತು. ಬಾಳೆಹಣ್ಣು ಹಿಡಿದು ಬಂದವರೂ ಇದ್ದರು. ರೈಲು ಬಂತು, ಆನೆ ಬರಲಿಲ್ಲ. ಛಾಪಖಾನೆಯ ಮಾಲಕರು ಹಿಂಡಿದ ನನ್ನ ಕಿವಿ ಎಂಟು ದಿನ ಕೆಂಪಗಿತ್ತು.

ಆ ಎಂಟನೆಯ ದಿನವೇ ಗಂಗವ್ವ ಛಾಪಖಾನೆಯ ಬಾಗಿಲಿಗೆ ಬಂದಳು. ನನ್ನ ಗೆಳೆಯ ತಿಪ್ಪಣ್ಣನ ತಾಯಿ. ಬೆಟಗೇರಿಯಲ್ಲಿ ಅವರದು ಒಂಬತ್ತು ಮನೆಗಳ ಒಂದು ಸಣ್ಣ ಓಣಿ, ಎಲ್ಲರೂ ಸೀರೆ ನೇಯುವವರು. ವರ್ಷಾನುಗಟ್ಟಲೆ ಅವರ ಸೀರೆಗಳನ್ನು ಕೊಂಡು ಒಯ್ಯುತ್ತಿದ್ದ ದಲ್ಲಾಳಿ ಆ ವರ್ಷ ಬರಲೇ ಇಲ್ಲ. ಗದಗಿನ ಅಂಗಡಿಗಳೋ ಮಿಲ್ಲಿನ ಬಟ್ಟೆಗೆ ಮರುಳಾಗಿದ್ದವು. ನೇಯ್ದ ಸೀರೆಗಳು ಅಟ್ಟದ ಮೇಲೆ ಸೂರಿನವರೆಗೂ ಏರಿದ್ದವು. ಸಂಕ್ರಾಂತಿಯೊಳಗೆ ಏನೂ ದಾರಿ ಕಾಣದಿದ್ದರೆ ಒಂಬತ್ತೂ ಮನೆಯವರು ಮಗ್ಗ ಬಿಚ್ಚಿಟ್ಟು ಸೊಲ್ಲಾಪುರದ ಮಿಲ್ಲಿನ ಕೂಲಿಗೆ ರೈಲು ಹತ್ತುವುದೆಂದು ಮಾತಾಗಿತ್ತು. ಗಂಗವ್ವ ಆಗಲೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ದಳು. ಎರಡು ತಪ್ಪಲೆ ಮಾತ್ರ ಹೊರಗಿದ್ದವು.

‘ಗುರ್ಯಾ,’ ಎಂದಳು, ‘ಆನಿ ಇಲ್ಲದ ಆನಿ ನೋಡಾಕ ಅರ್ಧಾ ಗದಗ ಕೂಡಿಸಿದಿ. ಸೀರಿ ಇದ್ದ ಸೀರಿ ನೋಡಾಕ ಇಪ್ಪತ್ತು ಮಂದಿ ಅಂಗಡಿಕಾರರನ್ನ ಕೂಡಸಲಾರ್‍ಯಾ?’

ನಾನು ಕೈಯ ಮಸಿ ಒರೆಸಿಕೊಂಡೆ. ‘ಇಪ್ಪತ್ತ್ಯಾಕ ಅವ್ವಾ, ಇಪ್ಪತ್ತೊಂದು ಕೂಡಸ್ತೀನಿ. ಅದೂ ಮೂರು ಊರಿನವರನ್ನ, ಒಂದ ಜಾಗಾದಾಗ.’

‘ಬಾಯಿ ಮಾತು ಬ್ಯಾಡಲೇ. ಈ ಸಲ ಆನಿ ಬರಬೇಕು.’

ಈಗಿನವರು ಹವೆ ತಂಪು ಮಾಡಿದ ಕೋಣೆಯಲ್ಲಿ ವ್ಯಾಪಾರದ ಸಭೆ ನಡೆಸುತ್ತಾರೆ, ಎದೆಗೆ ಹೆಸರಿನ ಚೀಟಿ ಚುಚ್ಚಿಕೊಳ್ಳುತ್ತಾರೆ. ಅಂಥ ಸಭೆಯನ್ನು ನಮ್ಮ ಸೀಮೆಯಲ್ಲಿ ಮೊದಲು ನಡೆಸಿದವನು ನಾನೇ. ಸ್ಥಳ ಲಕ್ಷ್ಮೇಶ್ವರ ಎಂದು ಗೊತ್ತು ಮಾಡಿದೆ. ಶಿರಹಟ್ಟಿಯವರಿಗೆ ಅದು ಹತ್ತಿರ. ಮುಂಡರಗಿಯವರಿಗೆ ಹತ್ತಿ, ಮೆಣಸಿನಕಾಯಿ ವ್ಯವಹಾರಕ್ಕೆ ಅಲ್ಲಿ ಹೋಗಿ ಬರುವ ರೂಢಿ ಇತ್ತು. ನಾನೇ ಮೊಳೆ ಜೋಡಿಸಿ, ಸುತ್ತಲೂ ಬಳ್ಳಿ ಬಿಡಿಸಿ, ಗುಲಾಬಿ ಬಣ್ಣದ ದಪ್ಪ ಕಾಗದದ ಮೇಲೆ ಆಮಂತ್ರಣ ಅಚ್ಚು ಹಾಕಿದೆ. ‘ಸರಿಯಾಗಿ ಹತ್ತು ಗಂಟೆಗೆ’ ಎಂಬುದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. ಅಷ್ಟು ಚೆಂದದ ಕಾರ್ಡು ನನ್ನ ಮದುವೆಗೂ ಆಗಲಿಲ್ಲ. ಮುಂಡರಗಿಗೆ ಮೊದಲೇ ಹೋಗಿ ನಾಲ್ಕು ಕಾರ್ಡು ಕೊಟ್ಟು ಬಂದೆ. ಅದು ನಮ್ಮದೇ ಸರಕಾರದ ಊರು, ಪರದೇಶದ ಲೆಕ್ಕಕ್ಕೆ ಬರುವುದಿಲ್ಲ.

ನಾಕಾ

ಮೊದಲ ಗಾಡಿಯಲ್ಲಿ ಗಂಗವ್ವ, ತಿಪ್ಪಣ್ಣ, ನಾನು, ನಾಲ್ಕು ಗಂಟು ಸೀರೆ ಮತ್ತು ಗಾಡಿ ಹೊಡೆಯುವ ಹಣಮ್ಯಾ ಹೊರಟೆವು. ಉಳಿದವರು ಎರಡು ಗಾಡಿ ಮಾಡಿಕೊಂಡು ನೇರವಾಗಿ ಲಕ್ಷ್ಮೇಶ್ವರಕ್ಕೆ ಬರುವುದೆಂದು ಮಾತಾಗಿತ್ತು.

ಪರದೇಶದ ಬಾಗಿಲು ಎಂದರೆ ಎರಡು ಕಲ್ಲಿನ ಕಂಬ, ಅಡ್ಡಕ್ಕೆ ಒಂದು ಬಿದಿರು, ಬೇವಿನ ನೆರಳಿನಲ್ಲಿ ಒಂದು ಹೊರಸು. ಹೊರಸಿನ ಮೇಲೆ ನಾಕೇದಾರ ಮಲಗಿದ್ದ. ಎತ್ತುಗಳ ಕೊಂಬು ರಾಜರ ಸೀಮೆಗೆ ದಾಟಿದ್ದವು, ನನ್ನ ಬೆನ್ನು ಇನ್ನೂ ಮುಂಬೈ ಸರಕಾರದಲ್ಲಿತ್ತು. ಹಾಗೆ ಅರ್ಧ ಗಂಟೆ ನಿಂತೆವು. ಪರದೇಶ ಹೊಕ್ಕಾಗ ಮೈಯಲ್ಲಿ ಏನೋ ಬದಲಾಗುತ್ತದೆ ಎಂದು ಮಾಸ್ತರರು ಹೇಳುತ್ತಾರೆ. ನನಗೆ ಬದಲಾದದ್ದು ನೊಣಗಳು ಮಾತ್ರ. ಆ ಕಡೆಯವು ಸ್ವಲ್ಪ ದಪ್ಪಗಿದ್ದವು.

ನಾಕೇದಾರ ಎದ್ದು ಗಂಟುಗಳನ್ನು ಬಡಿದು ನೋಡಿದ.

‘ಏನ್ ಐತಿ ಇದರಾಗ?’

‘ಸೀರಿ ಅದಾವ್ರಿ,’ ಎಂದ ತಿಪ್ಪಣ್ಣ.

‘ಇಷ್ಟು ಸೀರಿ ಯಾರಿಗೆ?’

ತಿಪ್ಪಣ್ಣ ಖರೆ ಹೇಳಲು ಬಾಯಿ ತೆರೆದ. ಅವನು ಖರೆ ಹೇಳುವುದು ನನಗೆ ಎಂದೂ ಸಹನೆಯಾಗುವುದಿಲ್ಲ. ‘ಇವಂದು ಲಗ್ನ ಐತ್ರಿ,’ ಎಂದೆ.

‘ಒಂದ ಲಗ್ನಕ್ಕ ನಾಕು ಗಂಟು?’

‘ಹೆಣ್ಣಿನ ಕಡೆಯವರು ಭಾಳ ಮಂದಿ ಅದಾರ್ರಿ. ಅತ್ತಿ, ಸಣ್ಣತ್ತಿ, ದೊಡ್ಡತ್ತಿ, ನಡುವಿನತ್ತಿ…’

ನಾಕೇದಾರ ತಿಪ್ಪಣ್ಣನ ಮುಖವನ್ನು ಕನಿಕರದಿಂದ ನೋಡಿದ. ಗಂಗವ್ವ ನನ್ನ ತೊಡೆ ಚಿವುಟಿ ತಾನೇ ಗಂಟು ಬಿಚ್ಚಿದಳು. ‘ಅವ ಹುಚ್ಚದಾನ್ರಿ, ಅವನ ಮಾತು ಕೇಳಬ್ಯಾಡ್ರಿ. ನೇದ ಸೀರಿ, ಮಾರಾಕ ಒಯ್ಯಾಕತ್ತೀವಿ. ಏನ್ ಸುಂಕಾ ಆಗತೈತಿ ಹೇಳ್ರಿ.’ ಮೇಲಿನ ಸೀರೆಯ ಸೆರಗು ಬಿಸಿಲಿಗೆ ಬಿದ್ದದ್ದೇ ಆ ಮನುಷ್ಯ ಸುಂಕದ ಮಾತು ಬಿಟ್ಟು ಗಾಡಿಯ ಗಾಲಿಗೆ ಒರಗಿ ಕೂತ. ಈ ಬಣ್ಣ ಹೋಗುತ್ತದೆಯೋ ಇಲ್ಲವೋ, ಅಂಚಿನ ದಡಿ ಎಷ್ಟು ಬೆರಳು ಅಗಲ, ಕಪ್ಪು ಮೈಬಣ್ಣದವರಿಗೆ ಯಾವುದು ಒಪ್ಪುತ್ತದೆ ಎಂದು ಕೇಳುತ್ತಲೇ ಹೋದ. ಅಂತೂ ಬಿದಿರು ಮೇಲೆದ್ದಾಗ ನಮ್ಮ ಎತ್ತುಗಳು ನಿಂತಲ್ಲೇ ನಿದ್ದೆ ಮಾಡುತ್ತಿದ್ದವು.

‘ಖರೆ ಹೇಳಿದ್ರ ಜಲ್ದಿ ಬಿಡತಿದ್ದನಲ್ಲೋ ಗುರಣ್ಣಾ,’ ಎಂದ ತಿಪ್ಪಣ್ಣ.

‘ಜಲ್ದಿ ಹ್ವಾದ್ರ ಅದು ಪರದೇಶ ಹೆಂಗ ಆದೀತು?’

ಶಿರಹಟ್ಟಿ

ಶಿರಹಟ್ಟಿಯವರ ಒಂದು ಪದ್ಧತಿ ಹೇಳಬೇಕು. ನಮ್ಮ ಗದಗಿನಲ್ಲಿ ಅಂಗಡಿ ಮೆಟ್ಟಿಲ ಮೇಲೆ ಕಾಲಿಟ್ಟರೆ ‘ಏನ್ ಬೇಕ್ರಿ?’ ಎಂದು ಮೊದಲು ಕೇಳುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ಶಿರಹಟ್ಟಿಯಲ್ಲಿ ಕುಳಿತುಕೊಳ್ಳಲು ಹೇಳಿ, ಬೆಲ್ಲ ನೀರು ಕೊಟ್ಟು, ನಮ್ಮ ಅಜ್ಜನ ಕಾಲುನೋವಿನವರೆಗೂ ವಿಚಾರಿಸುತ್ತಾರೆ. ಏನು ಬೇಕು ಎಂದು ಮಾತ್ರ ಕೇಳುವುದಿಲ್ಲ. ಬಂದ ಕೆಲಸ ನಾವೇ ನಾಚಿಕೆ ಬಿಟ್ಟು ಹೇಳಬೇಕು.

ಅಲ್ಲಿಯ ದೊಡ್ಡ ಜವಳಿ ಅಂಗಡಿ ರಾಚಪ್ಪ ಸಾವಕಾರರದು. ಅರವತ್ತು ದಾಟಿದವರು, ಎತ್ತರದ ಆಳು, ತಲೆಯ ಮೇಲೆ ಹತ್ತು ಸುತ್ತಿನ ಪಟಗ. ಅವರು ಬಂದರೆ ಊರಿನ ಉಳಿದ ಐದು ಅಂಗಡಿಯವರೂ ಬರುತ್ತಾರೆ ಎಂದು ಕೇಳಿದ್ದೆ. ನಾನು ಕಾರ್ಡು ಕೊಟ್ಟೆ. ಅದನ್ನು ಕಣ್ಣಿನ ಹತ್ತಿರ ಒಯ್ದು, ದೂರ ಒಯ್ದು ಓದಿದರು. ಬಳ್ಳಿಯ ಮೇಲೆ ಬೆರಳಾಡಿಸಿದರು.

‘ಭಾಳ ಛಲೋ ಮಾಡ್ಸೀರಿ. ದೇವರ ಫೋಟೊದ ಬಾಜೂಕ ಇಡತೀನಿ.’

‘ಬರಬೇಕ್ರಿ ಸಾವಕಾರ್ರ.’

‘ಬರೂಣಂತ. ಕರಿಯಾಕ ಯಾವಾಗ ಬರ್ತೀರಿ?’

ನಾನು ನಕ್ಕೆ. ‘ಕರದೀನಲ್ರಿ ಈಗ. ಇದ ಕರಿಯೂದು. ಟೈಮು ಸುದ್ದಾ ಛಾಪಿಸೀನಿ, ನೋಡ್ರಿ.’

ಅವರೂ ನಕ್ಕರು. ‘ಆತು ಆತು. ಬರ್ರಿ ಹಂಗಾರ. ಹಿಂದಿನ ದಿನ ಹೋಗಿ ಲಕ್ಷ್ಮೇಶ್ವರದಾಗ ನಮ್ಮ ಬೀಗರ ಮನ್ಯಾಗ ಇರತೀನಿ. ಅಲ್ಲೇ ಬರ್ರಿ.’

ಬರಬೇಕಾದವರು ಅವರು, ನನಗೆ ಯಾಕೆ ಬರಲು ಹೇಳುತ್ತಿದ್ದಾರೆ ಎಂದು ಸ್ವಲ್ಪ ವಿಚಿತ್ರ ಅನಿಸಿತು. ವಯಸ್ಸಾದವರು, ಮಾತು ಹಿಂದುಮುಂದಾಗಿರಬೇಕು ಎಂದುಕೊಂಡೆ. ಪರದೇಶದಲ್ಲಿ ಎಲ್ಲ ಮಾತೂ ತಿಳಿಯಬೇಕೆಂದು ಹಟ ಹಿಡಿಯಬಾರದು.

ಲಕ್ಷ್ಮೇಶ್ವರ, ಸಭೆಯ ಹಿಂದಿನ ದಿನ

ಲಕ್ಷ್ಮೇಶ್ವರದ ಹನ್ನೊಂದು ಅಂಗಡಿಗಳಿಗೂ ಕಾರ್ಡು ಕೊಟ್ಟೆ. ಎಲ್ಲರೂ ಸಂತೋಷಪಟ್ಟರು. ಅವರಲ್ಲಿ ಹಿರಿಯರಾದ ಅಂದಾನೆಪ್ಪನವರು ಕಾರ್ಡಿನ ವಾಸನೆಯನ್ನೂ ನೋಡಿದರು. ಇಲ್ಲಿಯ ಮಿರ್ಚಿ ಭಜಿಯ ಬಗ್ಗೆ ಹೇಳುವುದಾದರೆ, ನಮ್ಮ ಗದಗಿನ ಭಜಿ ತಿಂದವನು ನೀರು ಕೇಳುತ್ತಾನೆ, ಅವರ ಭಜಿ ತಿಂದವನು ಇನ್ನೊಂದು ಭಜಿ ಕೇಳುತ್ತಾನೆ. ಯಾವುದು ಹೆಚ್ಚು ಎಂದು ನಾನು ಹೇಳುವುದಿಲ್ಲ. ನಾನು ಗದಗಿನಲ್ಲೇ ಬಾಳಬೇಕಾದವನು.

ಸಭೆಗೆ ಹತ್ತಿ ತುಂಬುವ ಒಂದು ಖಾಲಿ ವಖಾರಿಯನ್ನು ಕೇಳಿ ಪಡೆದಿದ್ದೆ. ಸುಗ್ಗಿ ಇನ್ನೂ ದೂರವಿತ್ತು. ಕಸ ಹೊಡೆದರೆ ಅರಳೆ ಹಾರುತ್ತದೆ, ಹಾರಿದ್ದು ಮೂಗಿಗೆ ಬರುತ್ತದೆ, ಸೀನಿದರೆ ಮತ್ತೆ ಹಾರುತ್ತದೆ. ಉಳಿದೆರಡು ಗಾಡಿಗಳೂ ಸಂಜೆಗೆ ಬಂದವು. ಒಂಬತ್ತು ಮನೆಗಳಿಂದ ಮನೆಗಿಬ್ಬರಂತೆ, ಸಣ್ಣ ಮಕ್ಕಳನ್ನು ಬಿಟ್ಟು, ಒಟ್ಟು ಹದಿನೆಂಟು ಜನರಾದರು. ಎಲ್ಲರೂ ಸೇರಿ ಸೀನುತ್ತ ಕಸ ಹೊಡೆದೆವು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಸೀರೆಗಳನ್ನು ಇಳಿಬಿಟ್ಟಾಗ ಆ ವಖಾರಿ ಅರಮನೆಯಂತಾಯಿತು.

ಜಮಖಾನೆ ಹಾಸೋಣ ಎಂದಳು ಗಂಗವ್ವ. ಹೊಸ ಕಾಲದ ಸಭೆ, ಕುರ್ಚಿಯೇ ಬೇಕು ಎಂದೆ ನಾನು. ಊರಲ್ಲಿ ಬೀಡುಬಿಟ್ಟಿದ್ದ ಒಂದು ನಾಟಕ ಕಂಪನಿಯವರಿಂದ ಇಪ್ಪತ್ತು ಮಡಚುವ ಕುರ್ಚಿ ತಂದೆ. ಇಪ್ಪತ್ತೊಂದನೆಯದು ಅವರ ಹತ್ತಿರ ಇರಲಿಲ್ಲ, ದುರ್ಯೋಧನನ ಸಿಂಹಾಸನ ಇತ್ತು. ಬೇಗಡೆ ಹಚ್ಚಿದ್ದು, ಎರಡೂ ಕೈಗೆ ಸಿಂಹದ ಮುಖ. ಅಧ್ಯಕ್ಷರಿಗೆ ಆಯಿತು ಎಂದು ಅದನ್ನೂ ಹೊರಿಸಿ ತಂದೆ.

‘ಯಾರು ಅಧ್ಯಕ್ಷರು?’ ಎಂದ ತಿಪ್ಪಣ್ಣ.

‘ಮೊದಲ ಬಂದವರು.’

ಆಮೇಲೆ ನನ್ನ ಭಾಷಣವನ್ನು ಗಟ್ಟಿಯಾಗಿ ಓದಿ ನೋಡಿದೆ. ಹದಿನಾಲ್ಕು ಪುಟ. ಮೂರನೆಯ ಪುಟಕ್ಕೆ ಹಣಮ್ಯಾ ಎದ್ದು ಎತ್ತಿಗೆ ಮೇವು ಹಾಕಲು ಹೋದ.

ಲಕ್ಷ್ಮೇಶ್ವರ, ಸಭೆಯ ದಿನ

ಹತ್ತು ಹೊಡೆಯಿತು. ಯಾರೂ ಬರಲಿಲ್ಲ.

ಹತ್ತೂವರೆಗೆ ಒಂದು ಆಕಳು ಬಂದು ನೋಡಿ ಹೋಯಿತು. ಹನ್ನೊಂದಾಯಿತು. ಹದಿನೆಂಟು ಜನ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ನಗಿಸುತ್ತಿದ್ದೆ. ಒಬ್ಬ ಹೆಣ್ಣುಮಗಳು ಮಾತ್ರ ತನ್ನ ಗಂಡನಿಗೆ ಮೆಲ್ಲಗೆ, ‘ಸೊಲ್ಲಾಪುರದಾಗ ನೀರು ದೂರಂತಲ್ರಿ?’ ಎಂದು ಕೇಳಿದ್ದು ಕಿವಿಗೆ ಬಿತ್ತು.

ತಿಪ್ಪಣ್ಣ ಎದ್ದು ಬಂದ. ‘ಗುರಣ್ಣಾ, ಹಗ್ಗ ಬಿಚ್ಚೂದನ? ಸೀರಿಗೆಲ್ಲಾ ಅರಳಿ ಹತ್ತಾಕತ್ತೇತಿ.’

‘ತಡಿಯೋ. ದೊಡ್ಡ ಮಂದಿ, ತಡಾ ಮಾಡತಾರ. ನಾ ನೋಡಿ ಬರತೀನಿ.’

ಓಡುವುದಕ್ಕೆ ನಾಚಿಕೆಯಾಗಿ ಬೇಗ ಬೇಗ ನಡೆದೆ. ರಾಚಪ್ಪ ಸಾವಕಾರರ ಬೀಗರ ಮನೆ ಎರಡನೆಯ ಓಣಿಯಲ್ಲಿತ್ತು. ತಿರುವಿನಲ್ಲಿ ನಿಂತು ನೋಡಿದೆ. ಅವರು ಕಟ್ಟೆಯ ಮೇಲೆ ಕುಳಿತಿದ್ದರು. ಹೊಸ ಪಟಗ, ಕರೀ ಕೋಟು, ಹೆಗಲಿಗೆ ಜರಿಯ ಶಲ್ಯ, ತೊಡೆಯ ಮೇಲೆ ಕೊಡೆ. ಮೆಟ್ಟಿಲ ಕೆಳಗೆ ಚಪ್ಪಲಿ ರಸ್ತೆಯ ಕಡೆ ಮುಖ ಮಾಡಿ ಸಿದ್ಧವಾಗಿದ್ದವು. ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯುತ್ತಿತ್ತು.

‘ಸಾವಕಾರ್ರ! ಬರಲಿಲ್ಲಲ್ರಿ?’

‘ನೀ ಬರಲಿಲ್ಲಲ್ಲೋ ತಮ್ಮಾ!’ ಎಂದು ಗುಡುಗಿದರು. ‘ಎಂಟು ಹೊಡದಾಗಿಂದ ಕುಂತೀನಿ. ಚಾ ಕುಡದ್ರ ಕೋಟಿನ ಮ್ಯಾಲ ಚೆಲ್ಲತೈತಿ ಅಂತ ಚಾ ಸುದ್ದಾ ಕುಡದಿಲ್ಲ.’

‘ಕಾರ್ಡಿನಾಗ ಹತ್ತು ಗಂಟೆ ಅಂತ…’

‘ಕಾರ್ಡು ಮುಟ್ಟೇತಿ. ಅದು ಸುದ್ದಿ. ಕರಿಯಾಕ ಯಾರು ಬಂದ್ರು? ಎಲ್ಲಾ ತಯಾರಾದ ಮ್ಯಾಲ ಮನಿಗೆ ಬಂದು, ಎಲಿ ಅಡಕಿ ಹಿಡದು, ಏಳ್ರಿ ಅನಬೇಕು. ಲಗ್ನಕ್ಕ ಹಂಗ ಹೋಗತೀಯೇನು ನೀ? ಕರೀದ ಹ್ವಾದ್ರ ಮಂದಿ ಏನಂತಾರ? ರಾಚಪ್ಪ ಸೀರಿ ಕಾಣದಾಂವ, ಓಡಿ ಬಂದ ಅಂತಾರ.’

ನನ್ನ ಎದೆಯ ಮೇಲಿಂದ ಅರ್ಧ ವಖಾರಿ ಇಳಿದಂತಾಯಿತು. ಗದಗಿನಲ್ಲಿ ನಾವು ಪಟ್ಟಣದವರು ಈ ಎರಡನೆಯ ಕರೆಯನ್ನು ಲಗ್ನದ ಊಟಕ್ಕಷ್ಟೇ ಉಳಿಸಿಕೊಂಡಿದ್ದೆವು. ಅಂಗಡಿ, ಸಭೆ ಎಂದರೆ ಕಾರ್ಡೇ ಸಾಕು. ಗದಗ ದಾಟಿದರೆ ಅದು ಎಲ್ಲದಕ್ಕೂ ಬೇಕಾಗಿತ್ತು. ಓಣಿಯ ಉದ್ದಕ್ಕೂ ನಡೆದೆ. ನೀವು ನಂಬಬೇಡಿ, ಕಟ್ಟೆಗೊಬ್ಬ ಸಾವಕಾರ. ಎಲ್ಲರೂ ಶಲ್ಯ ಹೊದ್ದು, ಕೊಡೆ ಹಿಡಿದು, ಫೋಟೊ ತೆಗೆಸಲು ಕುಳಿತವರ ಹಾಗೆ. ಅಂದಾನೆಪ್ಪನವರು ಕುಳಿತಲ್ಲೇ ನಿದ್ದೆ ಹೋಗಿದ್ದರು, ಪಟಗ ಮಾತ್ರ ನೆಟ್ಟಗಿತ್ತು. ಮುಂಡರಗಿಯ ನಾಲ್ವರು ಧರ್ಮಶಾಲೆಯ ಪಡಸಾಲೆಯಲ್ಲಿ ಸಾಲಾಗಿ ಕುಳಿತು ನನ್ನನ್ನು ನೋಡಿಯೂ ನೋಡದಂತೆ ಗೋಡೆ ನೋಡಿದರು. ಇಪ್ಪತ್ತೊಂದೂ ಜನ ಊರಲ್ಲೇ ಇದ್ದರು!

ರಾಚಪ್ಪನವರ ಹತ್ತಿರ ತಿರುಗಿ ಬಂದೆ. ‘ಹಂಗಾರ ಏಳ್ರಿ ಸಾವಕಾರ್ರ, ಕರಿಯಾಕ ಬಂದೀನಿ.’

‘ನನ್ನ ಮೊದಲ ಕರದಿ ಅಂದ್ರ ಲಕ್ಷ್ಮೇಶ್ವರದವರು ಇವತ್ತ ಏಳೂದಿಲ್ಲ. ಇದು ಅವರ ಊರು.’

‘ಹಂಗಾರ ಅವರನ್ನ ಮೊದಲ…’

‘ಅವರನ್ನ ಮೊದಲ ಕರದ್ರ ನಾವು ಆರೂ ಮಂದಿ ಗಾಡಿ ಹೂಡತೀವಿ.’

‘ಮುಂಡರಗಿಯವರನ್ನ?’

‘ಅವರನ್ನ ಮೊದಲ ಕರದು ನೋಡು,’ ಎಂದು ಮೀಸೆಯಲ್ಲೇ ನಕ್ಕರು, ‘ಆಮ್ಯಾಲ ಅವರನ್ನ ಅಷ್ಟ ಇಟ್ಟುಕೊಂಡು ಸಭಾ ಮಾಡು.’

ಡಂಗುರ ಹೊಡೆಸಿದರೆ ಅಪಮಾನ. ಒಬ್ಬೊಬ್ಬರನ್ನೇ ಕರೆದರೆ ಇಪ್ಪತ್ತು ಜನರಿಗೆ ಸಿಟ್ಟು. ವಖಾರಿಗೆ ಬಂದು ಈ ಸುದ್ದಿ ಹೇಳಿದೆ, ದುರ್ಯೋಧನನ ಸಿಂಹಾಸನದ ಮೇಲೆ ಕುಳಿತೆ, ಎರಡೂ ಸಿಂಹಗಳ ಬಾಯಲ್ಲಿ ಕೈ ಇಟ್ಟೆ, ಮೀಸೆ ತಿರುವಿದೆ. ಹೊಳೆಯಿತು! ಇಪ್ಪತ್ತೊಂದು ಮನೆಗೆ ಇಪ್ಪತ್ತೊಂದು ಜನ, ಒಂದೇ ಗಳಿಗೆಗೆ ಹೋದರೆ ಯಾರು ಮೊದಲು, ಯಾರು ಆಮೇಲೆ? ನೇಕಾರರು ಹದಿನೆಂಟು ಜನ, ಗಾಡಿ ಹೊಡೆಯುವವರು ಮೂವರು. ಲೆಕ್ಕ ಸರಿಯಾಯಿತು. ಸೇನಾಪತಿ ಪಾಳೆಯ ಬಿಟ್ಟು ಹೋಗಬಾರದು ಎಂದು ನಾನು ವಖಾರಿಯಲ್ಲೇ ಉಳಿದೆ.

ಎಲೆ ಅಡಿಕೆ ಇಡಲು ಅಷ್ಟು ತಾಟುಗಳಿರಲಿಲ್ಲ. ಹಗ್ಗದಿಂದ ಸೀರೆಗಳನ್ನು ಇಳಿಸಿ, ಮಡಿಸಿ ಅಂಗೈ ಮೇಲಿಟ್ಟು, ಅದರ ಮೇಲೆ ಎಲೆ ಅಡಿಕೆ ಇಟ್ಟುಕೊಂಡು ಹೊರಟರು. ಮನೆ ಮನೆಯ ಎದುರು ನಿಂತು, ಧರ್ಮಶಾಲೆಯಲ್ಲಿ ಒಬ್ಬೊಬ್ಬರ ಎದುರು ಒಬ್ಬೊಬ್ಬರು ನಿಂತು, ಮಸೀದಿ ಹತ್ತಿರದ ಗಿರಣಿಯ ಮಧ್ಯಾಹ್ನದ ಭೋಂಗಾ ಊದಿದ ಕೂಡಲೇ ಕರೆಯುವುದೆಂದು ಮಾತಾಯಿತು. ಭೋಂಗಾ ಊದಿತು.

ಆಗ ನಡೆದದ್ದನ್ನು ಆಮೇಲೆ ಒಬ್ಬೊಬ್ಬರ ಬಾಯಿಂದ ಕೇಳಿದೆ. ಹಣಮ್ಯಾಗೆ ಸಾವಕಾರರ ಹತ್ತಿರ ಮಾತಾಡಿ ಗೊತ್ತಿರಲಿಲ್ಲ. ಎತ್ತುಗಳಿಗೆ ಮಾಡುವಂತೆ ನಾಲಿಗೆಯಿಂದ ಟಕ್ ಟಕ್ ಎನಿಸಿ ‘ನಡೀರಿ ಯಪ್ಪಾ’ ಎಂದನಂತೆ. ಅವರು ಎದ್ದು ಬಂದರಂತೆ. ಗಂಗವ್ವ ಹೋದದ್ದು ಅಂದಾನೆಪ್ಪನವರ ಮನೆಗೆ. ಅವರು ಎಚ್ಚೆತ್ತು ಎಲೆ ಅಡಿಕೆ ತೆಗೆದುಕೊಂಡರು, ಕೆಳಗಿನ ಸೀರೆ ಉಳಿಯಿತು. ಬಾಗಿಲ ಹಿಂದಿನಿಂದ ಅವರ ಮನೆಯಾಕೆ ಕೈ ಚಾಚಿ ಸೆರಗು ಹಿಡಿದು ನೋಡಿದರು.

‘ಇದು ಬೆಟಗೇರಿದೇನವ್ವಾ?’

‘ಹೂಂನ್ರಿ ಅಕ್ಕಾರ. ನಾನ ನೇದೀನಿ.’

‘ತೊಳದ್ರ?’

‘ನಾ ಉಟ್ಟೀನಲ್ರಿ, ಇದು ಆರು ವರ್ಷದ್ದು. ಹಿಡದು ನೋಡ್ರಿ.’

ಮನೆಯಾಕೆ ಗಂಗವ್ವನ ಮೈಮೇಲಿನ ಸೀರೆಯನ್ನೇ ಹಿಡಿದು ನೋಡಿದರು. ಪಕ್ಕದ ಮನೆಯವರನ್ನು ಕರೆದರು. ‘ಏ ನೀಲವ್ವಾ, ಬಾ ಇಲ್ಲೆ. ಈ ನಮ್ಮ ಮನಿಯವರು ಮಿಲ್ಲಿಂದು ತಂದು ಕೊಡತಾರ, ನಾಕು ಒಗತಕ್ಕ ಜಾಳಜಾಳ ಆಗತಾವ.’ ಎಲ್ಲ ಬಾಗಿಲುಗಳಲ್ಲೂ ಇದೇ. ಸಭೆಗೆ ನಾನು ಸಾವಕಾರರನ್ನು ಮಾತ್ರ ಕರೆದಿದ್ದೆ. ಸೀರೆ ಉಡುವವರನ್ನು ಕರೆಯಬೇಕೆಂದು ಹದಿನಾಲ್ಕು ಪುಟ ಬರೆದವನಿಗೆ ತೋಚಿರಲಿಲ್ಲ. ಸೀರೆಗಳು ತಾವೇ ಅವರ ಹೊಸ್ತಿಲಿಗೆ ಹೋದವು.

ದಾರಿಯುದ್ದಕ್ಕೂ ಸಾವಕಾರರು ನೇಕಾರರ ಜೊತೆ ನಡೆದರು. ವಖಾರಿ ಮುಟ್ಟುವಷ್ಟರಲ್ಲಿ ಯಾರಿಗೆ ಯಾವ ಬಣ್ಣ, ಯಾವ ದಡಿ, ಯಾವ ಹಬ್ಬಕ್ಕೆ ಎಂಬ ಮಾತೆಲ್ಲ ಮುಗಿದಿತ್ತು. ನಾನು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದೆ. ನಾಲ್ಕೂ ದಿಕ್ಕಿನಿಂದ ಇಪ್ಪತ್ತೊಂದು ಪಟಗಗಳು ಬಂದವು. ಒಳಗೆ ಬಂದವರೆಲ್ಲ ನಿಂತರು. ಕುರ್ಚಿ ಯಾರೂ ಹಿಡಿಯಲಿಲ್ಲ, ಎಲ್ಲರೂ ಸಿಂಹಾಸನ ನೋಡಿದರು.

‘ನನ್ನ ಮೊದಲ ಕರದಾರ,’ ಎಂದರು ರಾಚಪ್ಪನವರು.

‘ಅದ್ಹೆಂಗ? ಭೋಂಗಾ ಊದಿದಾಗ ನಾ ಎದ್ದೀನಿ,’ ಎಂದರು ಅಂದಾನೆಪ್ಪನವರು.

‘ನಾವೂ ಭೋಂಗಾಕ್ಕ ಎದ್ದೀವಿ,’ ಎಂದರು ಮುಂಡರಗಿಯ ನಾಲ್ವರೂ ಒಟ್ಟಿಗೆ.

ಇಪ್ಪತ್ತೊಂದು ಜನ ನನ್ನ ಕಡೆ ತಿರುಗಿದರು. ಬಿಳಿ ಆನೆಯ ದಿನ ಹಿಂಡಿಸಿಕೊಂಡ ಕಿವಿಯನ್ನು ಮುಟ್ಟಿ ನೋಡಿಕೊಂಡೆ. ಗಂಗವ್ವ ಕೈಯಲ್ಲಿದ್ದ ಸೀರೆಯನ್ನು ಸಿಂಹಾಸನದ ಮೇಲಿಟ್ಟಳು. ಹಿಂದಿನವರೂ ಒಬ್ಬೊಬ್ಬರಾಗಿ ತಮ್ಮ ಸೀರೆಗಳನ್ನು ಅದರ ಮೇಲಿಟ್ಟರು. ದುರ್ಯೋಧನ ಕೂರುವ ಜಾಗದಲ್ಲಿ ಸೀರೆಗಳ ರಾಶಿ ಕೂತಿತು.

‘ಇವತ್ತ ಇವ ದೊಡ್ಡವರ್ರಿ,’ ಎಂದಳು. ‘ನಾವೆಲ್ಲಾ ಕೆಳಗ ಕುಂಡ್ರೂಣು.’

ರಾಚಪ್ಪನವರು ಆ ರಾಶಿ ನೋಡಿದರು. ನಗು ಅವರ ಹೊಟ್ಟೆಯಿಂದ ಎದ್ದು ಪಟಗದವರೆಗೂ ಅಲುಗಾಡಿಸಿತು. ‘ಭಲೆ! ಇಪ್ಪತ್ತೊಂದ ಮಂದಿನ್ನೂ ಮೊದಲ ಕರದಾರಲ್ಲೋ ಮಕ್ಕಳು!’ ಎಂದು ನೆಲದ ಮೇಲೇ ಕುಳಿತರು. ಅವರು ಕುಳಿತದ್ದೇ ಎಲ್ಲರೂ ಕುಳಿತರು. ನನ್ನ ಕುರ್ಚಿಗಳನ್ನು ಕೇಳುವವರಿಲ್ಲ.

ಭಾಷಣಕ್ಕೆ ಎದ್ದು ನಿಂತೆ. ‘ಪೂಜ್ಯ ಸಭಿಕರೇ’ ಎಂದೆ. ‘ಕುಂಡ್ರಪಾ, ಮಾತು ಆಗೇತಿ,’ ಎಂದರು ಅಂದಾನೆಪ್ಪನವರು. ಒಬ್ಬೊಬ್ಬರಾಗಿ ಎಲೆಯ ಮೇಲೆ ಅಡಿಕೆ ಇಟ್ಟು ನೇಕಾರರ ಕೈಗೆ ಮಾತು ಕೊಟ್ಟರು. ಸಂಕ್ರಾಂತಿಗೆ ಇಷ್ಟು, ಯುಗಾದಿಗೆ ಇಷ್ಟು. ಮುಂಡರಗಿಯವರಿಗೆ ಹಸಿರು ಬೇಕು, ಶಿರಹಟ್ಟಿಯವರಿಗೆ ದಡಿ ಒಂದು ಬೆರಳು ಅಗಲ ಬೇಕು. ತಿಪ್ಪಣ್ಣ ಒಂದೊಂದು ಮಾತಿಗೂ ಗೋಣು ಹಾಕಿ ಹಾಕಿ ಕೊನೆಗೆ ಕುತ್ತಿಗೆ ಹಿಡಿದುಕೊಂಡು ಕುಳಿತ. ಸೊಲ್ಲಾಪುರದ ನೀರಿನ ಬಗ್ಗೆ ಕೇಳಿದ್ದ ಆ ಹೆಣ್ಣುಮಗಳು ಮೂಲೆಯಲ್ಲಿ ಕುಳಿತು ಮುಖಕ್ಕೆ ಸೆರಗು ಹಿಡಿದು ನಗುತ್ತಿದ್ದಳೋ ಅಳುತ್ತಿದ್ದಳೋ, ಭುಜ ಮಾತ್ರ ಕುಣಿಯುತ್ತಿತ್ತು.

ತಿರುಗಿ ಬೆಟಗೇರಿ

ಒಯ್ದ ಸೀರೆಗಳೆಲ್ಲ ಅಲ್ಲೇ ಮಾರಾಗಿ, ಬರುವಾಗ ಗಾಡಿ ಹಗುರವಾಗಿತ್ತು. ಹಣಮ್ಯಾ ಹಾಡುತ್ತಿದ್ದ, ಅಷ್ಟು ಕೆಟ್ಟದಾಗಿ ಹಾಡಿದ್ದಕ್ಕೂ ಯಾರೂ ಬೈಯಲಿಲ್ಲ. ಓಣಿ ಮುಟ್ಟಿದ ಕೂಡಲೇ ಗಂಗವ್ವ ಕಾಲು ಕೂಡ ತೊಳೆಯದೆ ಕುಡುಗೋಲು ತಂದು ಗೋಣಿಚೀಲದ ಹೊಲಿಗೆ ಕೊಯ್ದಳು. ಒಂದೊಂದೇ ಪಾತ್ರೆ ಹೊರಗೆ ತೆಗೆದು ಅದರದರ ಜಾಗದಲ್ಲಿ ಇಟ್ಟಳು. ಸಂಕ್ರಾಂತಿಯ ದಿನ ಒಂಬತ್ತೂ ಮನೆಯಲ್ಲಿ ಮಗ್ಗದ ಸಪ್ಪಳ ಕೇಳುತ್ತಿತ್ತು. ಎಳ್ಳು ಬೆಲ್ಲ ಕೊಡಲು ಹೋದವನಿಗೆ ಮಾತು ಕೇಳಿಸಲಿಲ್ಲ.

ಮುಂದೆ ಸ್ವಲ್ಪ ದಿನಕ್ಕೆ ರಾಜರ ಆಳಿಕೆ ಹೋಯಿತು, ನಾಕಾದ ಬಿದಿರನ್ನು ಯಾರೋ ದನ ಕಟ್ಟಲು ಒಯ್ದರು. ಕೆಲ ವರ್ಷಕ್ಕೆ ಕನ್ನಡ ನಾಡೂ ಒಂದಾಯಿತು. ಸಿಂಗಪುರಕ್ಕೆ ಮಾಸ್ತರರು ಮತ್ತೊಮ್ಮೆ ಹೋಗಬಹುದು. ನನ್ನ ಪರದೇಶವೋ ತಾನೇ ಎದ್ದು ನನ್ನ ಮನೆಯೊಳಗೆ ಬಂದುಬಿಟ್ಟಿತು.

ಇನ್ನು, ಮೊದಲಿನಿಂದ ನಂಬದೆ ಓದಿದವರಿಗೆ ಒಂದು ಸಮಾಧಾನ. ಸಿಂಹಾಸನ ಖರೆ. ಇಪ್ಪತ್ತೊಂದು ಪಟಗ ಖರೆ. ಹಣಮ್ಯಾನ ಟಕ್ ಟಕ್ ಖರೆ. ದಪ್ಪ ನೊಣಗಳು ಕೂಡ ಖರೆ. ಇದರಲ್ಲಿ ನಾನು ಕಟ್ಟಿ ಸೇರಿಸಿದ್ದು ಒಂದೇ ಒಂದು: ಆ ಉಪಾಯ ನನಗೆ ಹೊಳೆಯಲಿಲ್ಲ. ನಾನು ಸಿಂಹಾಸನದ ಮೇಲೆ ಕುಳಿತು ಮೀಸೆ ತಿರುವಲಿಲ್ಲ. ಅದರ ಹಿಂದೆ ಕುಳಿತು ಮೊಣಕಾಲಿನೊಳಗೆ ಮುಖ ಹುದುಗಿಸಿ ಅಳುತ್ತಿದ್ದೆ. ಗಂಗವ್ವ ಬಂದು ನನ್ನ ತಲೆಯ ಮೇಲೆ ಒಂದು ಬಡಿದು, ‘ಏಳಲೇ, ಅಷ್ಟು ಮಂದಿ ಉಪಾಸ ಕುಂತಾರ. ಮನಿಗೊಬ್ಬರು ಹೋಗೂಣು, ಒಮ್ಮಿಗೇ ಕರಿಯೂಣು,’ ಎಂದಳು. ನನಗೆ ಏಳಲು ಆಗಲಿಲ್ಲ. ಅದಕ್ಕೇ ನನ್ನ ಜಾಗಕ್ಕೆ, ಎತ್ತು ಕಾಯಬೇಕಾಗಿದ್ದ ಹಣಮ್ಯಾನನ್ನು ಕರೆದುಕೊಂಡು ಹೋದಳು.